ಕೊಯಮತ್ತೂರಿನಲ್ಲಿ ಮುಟ್ಟಿ ನೋಡಿದ್ದು

ಅಪ್ಪ ಕೊಳ್ಳೇಗಾಲದಲ್ಲಿ ಶಾಲೆಗೆ ಸೇರಿದಾಗ ಅವರ ಜಿಲ್ಲೆ ಕೊಯಮತ್ತೂರು, ರಾಜ್ಯ ಮದ್ರಾಸು. 1956ರ ನವೆಂಬರ್ 1ರಂದು ಮನೆ, ಬೀದಿ, ಮಗ್ಗ ಎಲ್ಲ ಇದ್ದ ಜಾಗದಲ್ಲೇ ಇದ್ದು, ಜಿಲ್ಲೆ ಮಾತ್ರ ಮೈಸೂರಾಯಿತು. ಅದಕ್ಕೂ ಹಿಂದೆ ನಮ್ಮ ತಾತ ಜಮೀನಿನ ತಕರಾರು ಹೊತ್ತು ಕೋರ್ಟಿಗೆಂದು ಹೋಗುತ್ತಿದ್ದದ್ದು ಸತ್ಯಮಂಗಲದ ಮೇಲೆ ಕೊಯಮತ್ತೂರಿಗೇ. ನಮ್ಮ ಕಡೆಯವರೇ ಈಗ ಇದನ್ನು ಮರೆತಿದ್ದಾರೆ. ರಾಜ್‌ಕುಮಾರ್ ಹುಟ್ಟಿದ್ದು ಗಾಜನೂರಿನಲ್ಲೋ ಸಿಂಗಾನಲ್ಲೂರಿನಲ್ಲೋ ಎಂದು ಯಾರಾದರೂ ವಾದಕ್ಕೆ ನಿಂತರೆ ಅಪ್ಪ ತೀರ್ಪು ಕೊಟ್ಟುಬಿಡುತ್ತಾರೆ: "ಎರಡೂ ಆವಾಗ ಕೊಯಮತ್ತೂರು ಜಿಲ್ಲೇನೇ ಕಣಪ್ಪಾ, ಕಿತ್ತಾಡಬೇಡಿ."

ಮಕ್ಕಳ ರಜೆಗೆ ಎಲ್ಲಿಗೆ ಹೋಗುವುದು ಎಂಬ ಮಾತು ಬಂದಾಗ ಊಟಿಯ ಹೆಸರನ್ನು ಎಲ್ಲರೂ ಹೇಳಿದರು. ಕೊಯಮತ್ತೂರಿನ ಹೆಸರು ಹೇಳಿದವರು ಅಪ್ಪ ಒಬ್ಬರೇ. ಅಲ್ಲಿ ಏನಿದೆ ಎಂದರೆ, "ಮ್ಯೂಸಿಯಮ್ ಅವೆ" ಅಂದರು. ಕಡೆಗೆ ಅಲ್ಲಿಗೇ ಹೋದೆವು. ಹೋಗಿ ಬಂದು ತಿಂಗಳುಗಳಾದವು. ಊಟಿಗೆ ಹೋಗಿದ್ದರೆ ಫೋಟೋ ಹಂಚಿ ಮರೆತೇಬಿಡುತ್ತಿದ್ದೆ. ಈ ಊರು ಹಾಗೆ ಬಿಡುತ್ತಿಲ್ಲ. ಅಡುಗೆಮನೆಯಲ್ಲಿ ಗ್ರೈಂಡರ್ ಹಾಕಿದಾಗ, ಮಗಳ ಬನಿಯನ್ ಒಗೆದು ಹರವುವಾಗ ಮತ್ತೆ ಮತ್ತೆ ತಲೆಯಲ್ಲಿ ಏಳುತ್ತದೆ.

ತಮ್ಮ ಕಾರು ಓಡಿಸಿದ. ಪುಣಜನೂರು ದಾಟಿದ ಮೇಲೆ ಹಾಸನೂರಿನವರೆಗೂ ಕಾಡು ಯಾವ ರಾಜ್ಯದ್ದು ಎಂದು ಬೋರ್ಡು ನೋಡಿಯೇ ತಿಳಿಯಬೇಕು. ಟೀ ಅಂಗಡಿಯವನು ತಮಿಳಿನಲ್ಲಿ ಶುರು ಮಾಡಿ, ಅಪ್ಪನ ಮುಖ ನೋಡಿ ಕನ್ನಡಕ್ಕೆ ಹೊರಳಿದ. ದಿಂಬಂ ಘಾಟಿಯ 27 ತಿರುವುಗಳಲ್ಲಿ ತಮ್ಮನ ಮಗ ಎಣಿಸುತ್ತ ಎಣಿಸುತ್ತ ಹದಿನಾಲ್ಕಕ್ಕೇ ವಾಂತಿ ಮಾಡಿಕೊಂಡ. ಕೆಳಗೆ ಬಣ್ಣಾರಿ ಅಮ್ಮನ ಗುಡಿ ಬಂದಾಗ ಬಿಸಿಲಿನ ಬಣ್ಣವೇ ಬೇರೆ. ಘಟ್ಟದ ಮರೆಯ ಒಣ ಬಯಲು, ತೆಂಗು, ನಡುನಡುವೆ ತಾಳೆಮರ, ಬಾಳೆ ತೋಟ. ತಾತ ಬಸ್ಸಿನಲ್ಲಿ ಇದೇ ಇಳಿಜಾರು ಇಳಿಯುವಾಗ ಮಡಿಲಲ್ಲಿ ಪತ್ರದ ಗಂಟು, ಬುತ್ತಿ ಎರಡೂ ಇರುತ್ತಿದ್ದವಂತೆ. ಬುತ್ತಿ ಮುಗಿಯುತ್ತಿತ್ತು, ಕೇಸು ಮುಗಿಯುತ್ತಿರಲಿಲ್ಲ.

ಮೊದಲು ನೋಡಿದ್ದು ಗಾಸ್ ಅರಣ್ಯ ವಸ್ತುಸಂಗ್ರಹಾಲಯ. ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಗಾಸ್ ಎಂಬಾತ ಕೂಡಿಹಾಕಿದ್ದನ್ನು 1902ರಲ್ಲಿ ಗವರ್ನರ್ ಲಾರ್ಡ್ ಆಂಪ್ಟ್‌ಹಿಲ್ ಉದ್ಘಾಟಿಸಿದ. ಹತ್ತು ವರ್ಷಕ್ಕೆ, 1912ರಲ್ಲಿ, ಅದರ ಜೊತೆಗೇ ಅರಣ್ಯ ಕಾಲೇಜು ಬಂತು. ಆರ್.ಎಸ್. ಪುರಂನ ಗದ್ದಲದಿಂದ ಆ ಆವರಣದೊಳಗೆ ಕಾಲಿಟ್ಟರೆ ದೊಡ್ಡ ದೊಡ್ಡ ಮರಗಳ ನೆರಳು. ಒಳಗೆ ಹುಲ್ಲು ತುಂಬಿ ನಿಲ್ಲಿಸಿದ ಕಾಟಿ. ತಮ್ಮನ ಮಗ ಅದರ ಮೂತಿಯೆದುರು ನಿಂತು, "ಇದಕ್ಕೆ ಗೊತ್ತಾಗಲ್ವಾ ನಾನು ನೋಡ್ತಿರೋದು?" ಎಂದು ಪಿಸುಗುಟ್ಟಿದ. ಮುಟ್ಟಲು ಕೈ ಚಾಚಿದ್ದನ್ನು ಕಾವಲಿನವರು ದೂರದಿಂದಲೇ ಕಂಡು ತಲೆಯಾಡಿಸಿದರು.

ಅಪ್ಪನನ್ನು ಹಿಡಿದು ನಿಲ್ಲಿಸಿದ್ದು ಕಾಟಿಯಲ್ಲ, ಮರದ ಹಲಗೆಗಳು. ಒಂದೊಂದು ಜಾತಿಗೆ ಒಂದೊಂದು ತುಂಡು, ಉಜ್ಜಿ ನಯ ಮಾಡಿ, ಲ್ಯಾಟಿನ್ ಹೆಸರು ಬರೆದು ಇಟ್ಟಿದ್ದಾರೆ. ಅಪ್ಪನಿಗೆ ಲ್ಯಾಟಿನ್ ಬಾರದು. ಕನ್ನಡಕ ಹಣೆಗೇರಿಸಿ, ಮೂಗು ತಗುಲುವಷ್ಟು ಹತ್ತಿರ ಬಗ್ಗಿ, ಎಳೆ ನೋಡಿ ಹೇಳತೊಡಗಿದರು: "ಇದು ಬೀಟೆ. ಇದು ಹೊನ್ನೆ, ನೆನೆಹಾಕಿದ್ರೆ ನೀರು ಬಣ್ಣ ಬಿಡ್ತದೆ. ಇದು ದಿಂಡಿಗ, ಗಾಡಿ ಅಚ್ಚಿಗೆ ಇದೇ ಬೇಕು. ಇದು ಮತ್ತಿ." ಮಗಳು ಪುಸ್ತಕ ತೆಗೆದು ಬರೆದುಕೊಂಡಳು. ಕಾವಲಿನವರು ಹತ್ತಿರ ಬಂದರು. ಬೈಯಲು ಬಂದರೇನೋ ಅಂದುಕೊಂಡೆ. ಅವರೂ ನಿಂತು ಕೇಳಿಸಿಕೊಂಡರು, ಆಮೇಲೆ ತಮಿಳಿನ ಹೆಸರುಗಳನ್ನು ಒಂದೊಂದಾಗಿ ಜೋಡಿಸಿದರು. ಅಲ್ಲಿ ಒಂದು ಗಳಿಗೆ ಶಾಲೆಯೇ ನಡೆಯಿತು.

ಈ ಹಲಗೆಗಳೆಲ್ಲ ಯಾವ ಕಾಡಿನವು? ಅಂದಿನ ಕೊಯಮತ್ತೂರು ಜಿಲ್ಲೆ ಅಂದರೆ ಆನೆಮಲೆಯಿಂದ ಹಿಡಿದು ನಮ್ಮ ಮಾದಪ್ಪನ ಬೆಟ್ಟದವರೆಗೆ. ಗಂಧದ ಮರಕ್ಕಾಗಿ ಆಮೇಲೆ ರಕ್ತ ಹರಿದ ಗೋಪಿನಾಥಂ ಕೂಡ ಅದೇ ಕಾಡಿನ ಅಂಚು. 1991ರಲ್ಲಿ ಅಲ್ಲೇ ವೀರಪ್ಪನ್ ಕೊಂದ ಅರಣ್ಯಾಧಿಕಾರಿ ಶ್ರೀನಿವಾಸ್ ಅವರನ್ನು ನಮ್ಮ ಸೀಮೆಯಲ್ಲಿ ಈಗಲೂ ಹೆಸರು ಹಿಡಿದು ನೆನೆಯುವವರಿದ್ದಾರೆ. ಮಗಳು ಹಲಗೆಗಳ ಸಾಲು ಮುಗಿಸಿ ಕೇಳಿದಳು: "ತಾತ, ಇದನ್ನೆಲ್ಲ ಕಡಿದೋರು ಯಾರು?" ಸಂಗ್ರಹ ಮಾಡಿದವನ ಹೆಸರಿದೆ, ಉದ್ಘಾಟಿಸಿದವನ ಹೆಸರಿದೆ. ಅಪ್ಪ ಸುಮ್ಮನೆ, "ಸೋಲಿಗರು ಕಣವ್ವಾ, ಇನ್ಯಾರು, ಕೂಲಿಗೆ" ಅಂದರು. ಆ ಪ್ರಶ್ನೆಯನ್ನು ಮಗಳು ಊರಿಡೀ ಜೊತೆಗೆ ಹೊತ್ತು ತಿರುಗಿದಳು.

ಮೈಸೂರಿನಲ್ಲಿ ಬೆಳೆದ ಮಕ್ಕಳಿಗೆ ಮ್ಯೂಸಿಯಂ ಅಂದರೆ ರಾಜರದ್ದು. ಅರಮನೆ, ಜಗನ್ಮೋಹನದ ಚಿತ್ರಶಾಲೆ: ಹಗ್ಗದ ಆಚೆ ನಿಂತು, ಚಿನ್ನ ನೋಡಿ, ಬಾಯಿ ತೆರೆದು ಹೊರಬರುವುದು. ಕೊಯಮತ್ತೂರಿಗೆ ಅಂಥ ರಾಜರಿಲ್ಲ. 1799ರವರೆಗೆ ಮೈಸೂರಿನ ಕೈಕೆಳಗೆ, ಆಮೇಲೆ ಕಂಪನಿಯ ಕೈಕೆಳಗೆ ಇದ್ದ ಸೀಮೆ. 1888ರಲ್ಲಿ ಸ್ಟೇನ್ಸ್ ಸಾಹೇಬರ ಗಿರಣಿ ಬಂತು, 1930ರ ದಶಕದಲ್ಲಿ ಪೈಕಾರದ ಕರೆಂಟು ಬಂತು, ಹತ್ತಿಗಿರಣಿಗಳು ಸಾಲುಗಟ್ಟಿದವು. ಹೀಗಾಗಿ ಇಲ್ಲಿನ ಸಂಗ್ರಹಾಲಯ ಕಟ್ಟಿದವರೆಲ್ಲ ಕಸುಬುದಾರರು: ಒಬ್ಬ ಕಾಡಿನವ, ಒಬ್ಬ ಯಂತ್ರದವ, ಒಬ್ಬ ನೂಲಿನವ.

ಯಂತ್ರದವರು ಜಿ.ಡಿ. ನಾಯ್ಡು. ಕಲಂಗಲ್ ಎಂಬ ಹಳ್ಳಿಯ ರೈತನ ಮಗ, 1893ರಲ್ಲಿ ಹುಟ್ಟಿದವರು. ಹಳ್ಳಿಗೆ ಬಂದ ಇಂಗ್ಲಿಷ್ ಅಧಿಕಾರಿಯೊಬ್ಬನ ಮೋಟಾರ್ ಸೈಕಲ್ ಕಂಡು ಮನಸೋತು, ಊರು ಬಿಟ್ಟು ಕೊಯಮತ್ತೂರಿಗೆ ಬಂದು, ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ದುಡ್ಡು ಕೂಡಿಟ್ಟು ಒಂದು ಮೋಟಾರ್ ಸೈಕಲ್ ಕೊಂಡರು. ಕೊಂಡದ್ದು ಓಡಿಸುವುದಕ್ಕಿಂತ ಹೆಚ್ಚಾಗಿ ಬಿಚ್ಚಿ ನೋಡುವುದಕ್ಕೆ. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಬಸ್ಸು ಬಿಟ್ಟರು. 1937ರಲ್ಲಿ ಬಾಲಸುಂದರಂ ನಾಯ್ಡು ಜೊತೆ ಸೇರಿ ಭಾರತದ ಮೊದಲ ವಿದ್ಯುತ್ ಮೋಟಾರ್ ತಯಾರಿಸಿದರು. ನಮ್ಮ ಹೊಲಗಳ ಪಂಪುಸೆಟ್ಟುಗಳ ವಂಶಾವಳಿ ಇಲ್ಲಿಗೇ ಬಂದು ನಿಲ್ಲುತ್ತದೆ. ಎಂಜಿನಿಯರಿಂಗ್ ಕಾಲೇಜು ಕಟ್ಟಿಸಿ, ನಾಲ್ಕು ವರ್ಷ ಓದುವುದು ಕಾಲಹರಣ ಎಂದು ವಾದಿಸಿ, ಅದನ್ನು ಬಿಟ್ಟು ಹೊರಬಂದ ಪುಣ್ಯಾತ್ಮ. ತೆರಿಗೆಯ ಮೇಲಿನ ಸಿಟ್ಟಿಗೆ ತಾವೇ ತಯಾರಿಸಿದ ರೇಡಿಯೋಗಳನ್ನು ಜನರೆದುರೇ ಒಡೆಸಿದ ಕಥೆ ಹೇಳಿದಾಗ ತಮ್ಮನ ಮಗ ಬಹಳ ಖುಷಿಪಟ್ಟ. ಸಿಟ್ಟು ಬಂದಾಗ ಆಟಿಕೆ ಒಡೆಯುವುದಕ್ಕೆ ಅವನಿಗೆ ಕಡೆಗೂ ಒಬ್ಬ ದೊಡ್ಡವರ ಆಧಾರ ಸಿಕ್ಕಿತ್ತು.

ಅವಿನಾಶಿ ರಸ್ತೆಯಲ್ಲಿ ನಾಯ್ಡು ಕುಟುಂಬದವರ ಜೀಡೀ ಕಾರು ಮ್ಯೂಸಿಯಂ 2015ರಲ್ಲಿ ತೆರೆಯಿತು. 1886ರ ಬೆನ್ಜ್ ಮೂರು ಚಕ್ರದ ಗಾಡಿಯ ಪ್ರತಿಕೃತಿ, ಫೋರ್ಡಿನ ಮಾಡೆಲ್ ಟಿ, ಫೋಕ್ಸ್‌ವ್ಯಾಗನ್ ಬೀಟಲ್ ಎಲ್ಲ ಮಿರಮಿರ ಮಿಂಚುತ್ತ ನಿಂತಿವೆ. ತಮ್ಮ ಅಲ್ಲಿಂದ ಅಲ್ಲಾಡಲಿಲ್ಲ. ನನಗೆ ಕಾರಿನ ಹುಚ್ಚಿಲ್ಲ, ಬೇಗ ಸಾಕಾಯಿತು. ಅದೇ ಮನೆತನದ ಟ್ರಸ್ಟಿನ ಎಕ್ಸ್‌ಪೆರಿಮೆಂಟಾ ವಿಜ್ಞಾನ ಕೇಂದ್ರದಲ್ಲಿ ಮಾತ್ರ ಮಕ್ಕಳು ನಮ್ಮ ಕೈಗೇ ಸಿಗಲಿಲ್ಲ. ತಿರುಗಿಸು, ಒತ್ತು, ಎಳೆ, ಜೋತುಬೀಳು. ಮುಟ್ಟಬೇಡ ಎನ್ನುವವರಿಲ್ಲದ ಜಾಗ. ಅಪ್ಪನೂ ಒಂದು ರಾಟೆಗೆ ಕೈ ಹಾಕಿ, ಹಗ್ಗ ಎಳೆದು, ಭಾರ ಹಗುರವಾದದ್ದು ಕಂಡು, "ಬಾವಿಗೆ ಇಂಥದ್ದೊಂದು ಆಗ್ಲೇ ಕಟ್ಟಿದ್ರೆ ನಿಮ್ಮಜ್ಜಿ ಬೆನ್ನು ಉಳೀತಿತ್ತು" ಅಂದರು.

ಮಧ್ಯಾಹ್ನದ ಊಟ ಕೊಂಗು ಸೀಮೆಯದು. ಅಕ್ಕಿ, ತೊಗರಿಬೇಳೆ, ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ ಒಟ್ಟಿಗೇ ಬೇಯಿಸಿ, ಮೇಲೆ ತುಪ್ಪ ಬಿಟ್ಟ ಅರಿಸಿ ಪರುಪ್ಪು ಸಾದಂ. ಬಿಸಿಬೇಳೆಭಾತಿನ ಅಬ್ಬರ ಇಲ್ಲ. ಚಕ್ಕೆ ಲವಂಗಕ್ಕೆ ಪ್ರವೇಶವಿಲ್ಲ. ಜೊತೆಗೆ ಬಂದ ಹುರುಳಿ ರಸಂ ಒಂದು ಗುಟುಕು ಕುಡಿದು ಅಪ್ಪ, "ಇದು ನಮ್ಮನೇದೇ" ಅಂದುಬಿಟ್ಟರು. ಬಡಿಸುತ್ತಿದ್ದ ಅಕ್ಕ ಬಟ್ಟಲು ಮತ್ತೆ ತುಂಬಿಸಿದರು. ಒಳಗಿನಿಂದ ಗ್ರೈಂಡರ್ ಗುರುಗುಟ್ಟುವ ಸದ್ದು. ಅದೂ ಈ ಊರಿನದೇ. 1950ರ ದಶಕದಲ್ಲಿ ಸಭಾಪತಿ ಎಂಬವರು ರುಬ್ಬುಗುಂಡಿಗೆ ಮೋಟಾರು ಕಟ್ಟಿದರು. ಕಲ್ಲು ತಿರುಪ್ಪೂರು ಜಿಲ್ಲೆಯ ಊತ್ತುಕುಳಿಯದು. ಕೊಯಮತ್ತೂರು ಗ್ರೈಂಡರಿಗೆ ಭೌಗೋಳಿಕ ಗುರುತಿನ ಮುದ್ರೆಯೂ ಇದೆ. ಒಂದು ಲೆಕ್ಕಕ್ಕೆ ದಕ್ಷಿಣದ ಹೆಂಗಸರ ರಟ್ಟೆಗಳ ಸ್ಮಾರಕ ಅದು. ನಮ್ಮನೆಯಲ್ಲಿ ದಿನ ಬೆಳಗಾದರೆ ಅದಕ್ಕೆ ಅಕ್ಕಿ ಉದ್ದು ನೈವೇದ್ಯ.

ಕೃಷಿ ವಿಶ್ವವಿದ್ಯಾಲಯದ ಕೀಟ ಸಂಗ್ರಹಾಲಯ 2018ರಲ್ಲಿ ಶುರುವಾದದ್ದು. ಜೀರುಂಡೆ, ಚಿಟ್ಟೆ, ಕಡ್ಡಿಹುಳುಗಳ ಸಾಲು ಸಾಲು. ಹುಳ ಕಂಡರೆ ಕಿರುಚುವ ಮಗಳು ಅಲ್ಲಿ ಗಾಜಿಗೆ ಮುಖ ಒತ್ತಿ ನಿಂತಿದ್ದಳು. ನನ್ನ ಮನಸ್ಸು ಮಾತ್ರ ಪಕ್ಕದ ಕಬ್ಬಿನ ಸಂಶೋಧನಾ ಸಂಸ್ಥೆಯ ಕಡೆಗೆ ಹೋಯಿತು. 1912ರಲ್ಲಿ ಸ್ಥಾಪನೆಯಾದ ಅಲ್ಲಿ ಬಾರ್ಬರ್, ವೆಂಕಟರಾಮನ್ ಸೇರಿ ರಸದ ಕಬ್ಬಿಗೆ ಕಾಡುಜಾತಿಯ ಕಬ್ಬು ಬೆರೆಸಿ 'ಕೋ 205' ಎಂಬ ತಳಿ ಹೊರಡಿಸಿದರು. ಮಂಡ್ಯದ ಗದ್ದೆಗಳಲ್ಲಿ ರೈತರು ಕೋ 419, ಕೋ 62175, ಕೋ 86032 ಅನ್ನುತ್ತಾರಲ್ಲ, ಆ 'ಕೋ' ಈ ಊರೇ. ಮಂಡ್ಯದ ಬೆಲ್ಲ ತಿಂದವರೆಲ್ಲ ಸ್ವಲ್ಪ ಕೊಯಮತ್ತೂರನ್ನೂ ತಿಂದಿದ್ದಾರೆ.

ನೂಲಿನವರು ಕಸ್ತೂರಿ ಶ್ರೀನಿವಾಸನ್. ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾವನ್ನು ಬೆಳೆಸಿದವರು. ಅವರ ಹೆಸರಿನ ಟ್ರಸ್ಟಿನ ಕಟ್ಟಡ ಅವಿನಾಶಿ ರಸ್ತೆಯಲ್ಲೇ ಇದೆ. ಚಿತ್ರಕಲಾ ಗ್ಯಾಲರಿಯ ಜೊತೆಗೆ ಜವಳಿ ಸಂಗ್ರಹಾಲಯ. ಗದ್ದಲದ ರಸ್ತೆಯ ಪಕ್ಕ ಅಷ್ಟು ತಣ್ಣಗಿನ ಜಾಗ ಇದೆಯೆಂದರೆ ನಂಬಲಾಗುವುದಿಲ್ಲ. ಚರಕ, ಮಗ್ಗ, ನೇಯ್ಗೆಯ ಮಾದರಿಗಳು. ದೇವಾಂಗರ ಮನೆಯಲ್ಲಿ ಹುಟ್ಟಿದ ಅಪ್ಪ ಮಗ್ಗದ ಮುಂದೆ ನಿಂತು ಅದರ ಅಚ್ಚುಕಟ್ಟು ಮೆಚ್ಚಿಕೊಂಡರು. ಆಮೇಲೆ ಮೆಲ್ಲಗೆ, "ಸದ್ದಿಲ್ಲ" ಅಂದರು. ಮಗಳ ಪ್ರಶ್ನೆ ಇಲ್ಲೂ ತಯಾರಿತ್ತು: "ಇದರಲ್ಲಿ ಯಾರು ನೇಯ್ತಿದ್ರು?" ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲಿ ನೇಗಿಲು, ಬುಟ್ಟಿ, ಬೊಂಬೆ ನೋಡಿದಾಗಲೂ ಈ ಪ್ರಶ್ನೆ ಬರಬೇಕಿತ್ತು. ಆಗ ಅವಳು ಚಿಕ್ಕವಳು. ದೊಡ್ಡವಳಾಗಿದ್ದ ನನಗೂ ಹೊಳೆದಿರಲಿಲ್ಲ.

ದುಡಿದವನ ಹೆಸರು ಗಟ್ಟಿಯಾಗಿ ಅಂಟಿಕೊಂಡ ಒಂದು ವಸ್ತು ಈ ಊರಿನಲ್ಲಿದೆ. ಅದು ಯಾವ ಮ್ಯೂಸಿಯಂನಲ್ಲೂ ಇಲ್ಲ, ಸೆಂಟ್ರಲ್ ಜೈಲಿನ ಗೋಡೆಯೊಳಗಿದೆ. ಸ್ವದೇಶಿ ಹಡಗು ಕಂಪನಿ ಕಟ್ಟಿದ ವಕೀಲ ವ.ಉ. ಚಿದಂಬರಂ ಪಿಳ್ಳೈ ಅವರನ್ನು 1908ರಲ್ಲಿ ಶಿಕ್ಷೆಗೊಳಪಡಿಸಿ ಇಲ್ಲಿಟ್ಟಾಗ, ಎತ್ತಿನ ಬದಲು ಎಣ್ಣೆಗಾಣಕ್ಕೆ ಹೂಡಿದ್ದರು. ಆ ಗಾಣವನ್ನು ಅಲ್ಲೇ ಕಾಪಾಡಿದ್ದಾರೆ. ನಾವು ಗೋಡೆಯ ಪಕ್ಕದ ರಸ್ತೆಯಲ್ಲಿ ಹಾದುಹೋದೆವು. ಹುಡುಗ ಕೇಳಿದ: "ವಕೀಲರು ಗಾಣ ಎಳೆದ್ರಾ?" ಹೌದು ಅಂದೆ. ತಿರುಪ್ಪೂರಿನಲ್ಲಿ ರೈಲ್ವೆ ನಿಲ್ದಾಣದ ಹತ್ತಿರ ಕುಮಾರನ್ ಸ್ಮಾರಕ ನೋಡಿದಾಗ ಅವನಿಗೆ ಇದೇ ನೆನಪಾಯಿತು. ಚೆನ್ನಿಮಲೆಯ ನೇಕಾರರ ಮನೆಯ ಹುಡುಗ ಕುಮಾರನ್, 1932ರ ಜನವರಿಯಲ್ಲಿ ಮೆರವಣಿಗೆಯಲ್ಲಿ ಲಾಠಿಯೇಟು ತಿಂದು, ಕೈಯಲ್ಲಿ ಬಾವುಟ ಬಿಡದೆ ಬಿದ್ದು ಮಾರನೆಯ ದಿನ ಸತ್ತ. ಆಗಿನ ತಿರುಪ್ಪೂರು ಖಾದಿಯ ಊರು. ಈಗ ದೇಶವಿದೇಶಕ್ಕೆ ಬನಿಯನ್, ಟೀ ಶರ್ಟು ಹೊಲಿಯುವ ಊರು. ಟೀ ಅಂಗಡಿಯ ಬೆಂಚಿನ ಮೇಲೆ ಒಡಿಯಾ, ಬಿಹಾರಿ ಹಿಂದಿ, ತಮಿಳು ಒಟ್ಟಿಗೇ ಕೂತಿದ್ದವು. ಬಣ್ಣದ ಘಟಕಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿ, ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತು, ಕೆಳಗಿನ ರೈತರು ಕೋರ್ಟಿಗೆ ಹೋಗಿ, 2011ರಲ್ಲಿ ಮದ್ರಾಸ್ ಹೈಕೋರ್ಟು ಘಟಕಗಳಿಗೆ ಬೀಗ ಹಾಕಿಸಿತ್ತು. ಮಗಳು ತನ್ನ ಅಂಗಿಯ ಕುತ್ತಿಗೆಯ ಚೀಟಿ ಓದಲು ಕತ್ತು ತಿರುಗಿಸಿ ತಿರುಗಿಸಿ ಸೋತಳು. ನಾನೇ ಓದಿದೆ. ಅಂಗಡಿಯ ಹೆಸರು, ಅಳತೆ, ತಣ್ಣೀರಿನಲ್ಲಿ ಒಗೆಯಿರಿ. ಅಷ್ಟೇ.

ಕೊಯಮತ್ತೂರಿನ ರಾಜಬೀದಿಯಲ್ಲಿ ರಾಮಲಿಂಗ ಚೌಡೇಶ್ವರಿಯ ಗುಡಿ ಇದೆ. ವಿಜಯದಶಮಿಗೆ ದೇವಾಂಗರ ಹುಡುಗರು ಕತ್ತಿ ಹಾಕಿಕೊಂಡು ಅಮ್ಮನನ್ನು ಕರೆತರುವ ಗುಡಿ. ನಾವು ಹೋದಾಗ ಹಬ್ಬವಲ್ಲ, ಜನವಿರಲಿಲ್ಲ. ಪ್ರದಕ್ಷಿಣೆಯಲ್ಲಿ ಅಪ್ಪ ನನ್ನ ಜೊತೆ ಆಡುತ್ತಿದ್ದ ಮಾತು ಕೇಳಿ ಹೂ ಹಿಡಿದ ಅಜ್ಜಿಯೊಬ್ಬರು ನಿಂತರು. "ಯಾವೂರು?" ಕೊಳ್ಳೇಗಾಲ ಎಂದದ್ದೇ ತಡ, ಯಾವ ಕುಲ, ಯಾವ ಬೆಡಗು, ಹೆಣ್ಣು ಎಲ್ಲಿಂದ ತಂದಿರಿ ಎಂದು ವಿಚಾರಣೆ. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು, ತಲೆಮಾರುಗಳಿಂದ ಹೀಗೇ. ಓದಲು ಬರೆಯಲು ತಮಿಳೇ. ಅವರೇ ಹೇಳಿದ್ದು: "ಮಗ್ಗ ನೋಡ್ಬೇಕಾ? ಊರೊಳಗೆ ಏನೈತೆ, ಸಿರುಮುಗೈಗೆ ಹೋಗಿ."

ಸಿರುಮುಗೈ ಮೇಟ್ಟುಪಾಳಯದ ಹತ್ತಿರ, ಭವಾನಿ ನದಿಯ ದಡದಲ್ಲಿದೆ. ಒಂದು ಕಾಲಕ್ಕೆ ಮರ ಅರೆದು ರೇಯಾನ್ ನೂಲು ಮಾಡುತ್ತಿದ್ದ ದೊಡ್ಡ ಕಾರ್ಖಾನೆ ಇತ್ತು, ಈಗ ಮುಚ್ಚಿದೆ. ಮಗ್ಗಗಳು ಉಳಿದಿವೆ. ಬೀದಿಗೆ ಕಾಲಿಟ್ಟ ಕೂಡಲೇ ಅಪ್ಪನ ನಡಿಗೆ ಬದಲಾಯಿತು. ಮನೆಮನೆಯಿಂದ ಲಾಳಿಯ ಸದ್ದು. ಕೈ ತೋರಿಸಿದವರ ಮನೆಗೆ ಹೋದೆವು. ಅರವತ್ತು ದಾಟಿದ ನೇಕಾರರು. ಹೆಂಡತಿ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದರು. ಮಗ್ಗದ ಮೇಲೆ ಮೆದು ರೇಷ್ಮೆಯ ಸೀರೆ, ಮಾವಿನ ಚಿಗುರಿನ ಬಣ್ಣ, ಜರಿಯಂಚು. ನೆತ್ತಿಯ ಮೇಲೆ ಜಕಾರ್ಡಿನ ತೂತಿನ ರಟ್ಟುಗಳು ಒಂದೊಂದಾಗಿ ಮಗುಚುತ್ತಿದ್ದವು.

ಮಾತಾಡುತ್ತಿದ್ದಾಗಲೇ ಹಾಸಿನ ಒಂದು ಎಳೆ ತುಂಡಾಯಿತು. ನಮಗ್ಯಾರಿಗೂ ಕಾಣಲಿಲ್ಲ. ಅವರ ಕಾಲು ತಾನಾಗಿ ನಿಂತಿತು. ಬೆರಳ ತುದಿಯಿಂದ ಸಾವಿರಾರು ಎಳೆಗಳ ಮೇಲೆ ಸವರಿ, ತುಂಡಾದ ಜಾಗವನ್ನು ಕಣ್ಣು ಹಾಯಿಸದೆಯೇ ಹಿಡಿದರು. ಹೊಸ ಎಳೆ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು, ಹಣಿಗೆಯ ಸಂದಿನಲ್ಲಿ ತೂರಿಸಿ ಎಳೆದರು. ಗಂಟು ಎಲ್ಲಿ ಎಂದು ಹುಡುಕಿದರೂ ಸಿಗದು. ಅಷ್ಟು ಹೊತ್ತು ಕ್ಷೇಮಸಮಾಚಾರದ ಮಾತು ನಿಂತಿರಲಿಲ್ಲ.

"ನಾನು ಮುಟ್ಟಬಹುದಾ?" ಎಂದಳು ಮಗಳು. ಅವರು ಎದ್ದು ಜಾಗ ಬಿಟ್ಟರು. ಕಾಲು ಎಲ್ಲಿ ಒತ್ತಬೇಕು, ಹಿಡಿ ಯಾವಾಗ ಎಳೆಯಬೇಕು ಎಂದು ತೋರಿಸಿದರು. ಲಾಳಿ ಒಂದೆರಡು ಬಾರಿ ಅತ್ತಿತ್ತ ಓಡಿತು, ಮೂರನೆಯ ಸಲ ನಡುವೆಯೇ ಸಿಕ್ಕಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಅವರು ಕೂತು, ಅವಳು ಹಾಕಿದ ಹೊಕ್ಕುಗಳನ್ನು ಒಂದೊಂದಾಗಿ ಬಿಚ್ಚಿದರು. ಮಗಳ ಮುಖ ಸಣ್ಣದಾದದ್ದು ನೋಡಿ, "ಸಡಿಲ ಬಿಟ್ಟೈತೆ ತಾಯಿ. ಹಿಂಗೇ ಬಿಟ್ರೆ ಸೀರೆ ತಳ್ಳಿಹಾಕ್ತಾರೆ, ಕೂಲಿ ಮುರೀತಾರೆ" ಎಂದರು. ಎಕ್ಸ್‌ಪೆರಿಮೆಂಟಾದಲ್ಲಿ ಏನು ಒತ್ತಿದರೂ ಯಾರ ಗಂಟೂ ಹೋಗುತ್ತಿರಲಿಲ್ಲ. ಹತ್ತು ವರ್ಷದವಳಿಗೆ ಆ ವ್ಯತ್ಯಾಸ ತಿಳಿಯಿತೆಂದು ಕಾಣುತ್ತದೆ. ಹಿಂದಕ್ಕೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು. ಅವರ ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಂಡಳು, ಹೊನ್ನೆ ಮತ್ತಿಗಳ ಕೆಳಗೆ. ನೇಕಾರರು ತಮಿಳಿನಲ್ಲಿ ರುಜು ಹಾಕಿಕೊಟ್ಟರು.

ಅವರ ಮಗ ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮಗ್ಗಕ್ಕೆ ಕೂರುವುದಿಲ್ಲ, ಕೂರು ಎಂದು ಇವರೂ ಹೇಳಿಲ್ಲ. ಕಾಫಿ ಬಂತು. ಆ ಅಮ್ಮ ಕಂಡಿಕೆ ಬಿಟ್ಟು ಎದ್ದದ್ದು ಕಾಫಿಗಾಗಿ ಮಾತ್ರ. ನೇಕಾರರು ಅಪ್ಪನನ್ನು ಕೇಳಿದರು: "ನಿಮ್ಮೂರಲ್ಲಿ ಎಷ್ಟು ಮಗ್ಗ ಓಡ್ತವೆ ಈಗ?"

ಅಪ್ಪ ಒಂದು ಸಂಖ್ಯೆ ಹೇಳಿ ಮುಗಿಸಬಹುದಿತ್ತು. ನಮ್ಮ ಬೀದಿಯ ಮೂಲೆಮನೆಯಿಂದ ಶುರು ಮಾಡಿದರು. ಆ ಮನೆಯಲ್ಲಿ ಯಾರು ನೇಯುತ್ತಿದ್ದರು, ಯಾವ ಅಂಚಿಗೆ ಹೆಸರಾಗಿದ್ದರು, ಎಂದು ಬಿಟ್ಟರು, ಮಗ್ಗ ಯಾರಿಗೆ ಮಾರಿದರು, ಆ ಜಾಗದಲ್ಲಿ ಈಗ ಏನಿದೆ. ನೇಕಾರರು ಕಾಲು ಮಡಚಿ ಸರಿಯಾಗಿ ಕೂತರು. ತಮ್ಮ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ದಿಂಬಂ ಘಾಟಿಯಲ್ಲಿ ಇರುಳು ಗಾಡಿ ಬಿಡುವುದಿಲ್ಲ, ತಡೆ ಹಾಕುವುದರೊಳಗೆ ಬಣ್ಣಾರಿ ದಾಟಬೇಕು. ನಾನು ಅವನಿಗೆ ಕಣ್ಣಲ್ಲೇ ಸುಮ್ಮನಿರು ಎಂದೆ. ಅಪ್ಪ ಇನ್ನೂ ಮೂರನೇ ಮನೆಯಲ್ಲಿದ್ದರು.